ಆರ್ಡರ್ ಬಾರದ ಬೇಸಿಗೆ

ಹನ್ನೊಂದು ವರ್ಷದಿಂದ ಬೇಸಿಗೆಗೆ ಮುಂಚೆಯೇ ಅವಳಿಗೆ ಅರಣ್ಯ ಉದ್ಯಾನದ ಕಚೇರಿಯಿಂದ ಆರ್ಡರ್ ಬರುತ್ತಿತ್ತು. ಐದು ತಿಂಗಳ ಹಂಗಾಮಿ ಕಾವಲು ಕೆಲಸ: ಬೆಂಕಿ ಬೀಳದಂತೆ ಕಾಯಬೇಕು, ಕಾಲುದಾರಿ ಸವರಬೇಕು, ನೋಡಲು ಬಂದವರು ದಾರಿ ತಪ್ಪದಂತೆ ನೋಡಿಕೊಳ್ಳಬೇಕು. ಎಲ್ಲರ ಬಾಯಲ್ಲೂ ಅವಳು ಗಾರ್ಡಮ್ಮ. ಈ ವರ್ಷ ಮಾತ್ರ ಎಲೆಯೆಲ್ಲ ಉದುರಿದರೂ ಆರ್ಡರಿನ ಸುಳಿವಿಲ್ಲ.

ಮೊದಲ ಸಲ ಹೋದಾಗ ಗುಮಾಸ್ತ, "ಅನುದಾನ ಬಂದಿಲ್ಲಮ್ಮ" ಎಂದ. ಎರಡನೇ ಸಲ, "ಅನುದಾನ ಬಂದಿದೆ, ನೇಮಕಾತಿಗೆ ಮಂಜೂರಾತಿ ಇಲ್ಲ." ಮೂರನೇ ಸಲ, "ಈಗ ಎಲ್ಲಾ ಆನ್‌ಲೈನು. ಹೊಸಬರ ಥರ ಅರ್ಜಿ ಹಾಕಿ."

ಅರ್ಜಿಯಲ್ಲಿ ಅನುಭವದ ಕಾಲಂ ಇತ್ತು. ಸತತ ಒಂದು ವರ್ಷ ದುಡಿದಿದ್ದರಷ್ಟೇ ಅನುಭವವಂತೆ. ಐದೈದು ತಿಂಗಳನ್ನು ಹೇಗೆ ತುಂಬಿದರೂ ಕಂಪ್ಯೂಟರು ಸೊನ್ನೆ ಎಂದೇ ತೋರಿಸಿತು.

"ಹನ್ನೊಂದು ವರ್ಷ ನೀರಲ್ಲಿ ಹೋಮ" ಎಂದು ಮನೆಗೆ ಬಂದು ಚಪ್ಪಲಿ ಒದರಿದಳು.

ದರ್ಜಿ ಗಂಡ ಮಿಷನ್ನಿನಿಂದ ತಲೆ ಎತ್ತಿದ. "ಬಿಟ್ಹಾಕು. ನನ್ ಜೊತೆ ಕೂತು ಗುಂಡಿ ಹಾಕು."

"ದಿನಾ ನಿಮ್ ಮುಖ ನೋಡ್ಕೊಂಡಾ? ಅದಕ್ಕಿಂತ ಕರಡೀನೇ ವಾಸಿ."

ಒಂದು ಮಧ್ಯಾಹ್ನ ವಲಯಾಧಿಕಾರಿಯೇ ಫೋನ್ ಮಾಡಿದರು. ಬೆಳಿಗ್ಗೆ ಒಳಗೆ ಹೋದ ಇಬ್ಬರು ಅಕ್ಕತಂಗಿಯರು ವಾಪಸ್ ಬಂದಿಲ್ಲ. ಇರುವ ಒಬ್ಬ ಗಾರ್ಡಿಗೆ ಒಳದಾರಿ ಗೊತ್ತಿಲ್ಲ. "ದಯವಿಟ್ಟು ಬನ್ನಿ ತಾಯಿ."

ಹಾಳಾಗಿ ಹೋಗಲಿ ಎಂದುಕೊಳ್ಳುತ್ತಲೇ ಹೊರಟಳು. ಕವಲುದಾರಿಯ ಬೋರ್ಡು ನೆಲಕ್ಕೆ ಬಿದ್ದಿತ್ತು. ಪ್ರತಿ ವರ್ಷ ಮೊದಲ ವಾರದಲ್ಲೇ ಅದನ್ನು ನೆಟ್ಟಗೆ ನಿಲ್ಲಿಸುತ್ತಿದ್ದವಳು ಅವಳೇ. ಬೋರ್ಡಿಲ್ಲದೆ ಹೋದವರು ಹಳೆ ಕಲ್ಲುಕ್ವಾರಿಯ ಕಡೆಗೇ ಇಳಿದಿರಬೇಕು ಎಂದು ಊಹಿಸಿದಳು. ಊಹೆ ಸುಳ್ಳಾಗಲಿಲ್ಲ. ತಂಗಿ ಕಾಲು ಉಳುಕಿಸಿಕೊಂಡು ಕೂತಿದ್ದಳು. ಅಕ್ಕ, ನಿವೃತ್ತ ನರ್ಸು, ಇವಳ ಮೇಲೆಯೇ ಹರಿಹಾಯ್ದರು.

"ಒಂದು ಬೋರ್ಡ್ ಹಾಕಕ್ಕೆ ಏನ್ರೀ ರೋಗ ನಿಮಗೆ?"

"ಹಾಕೋಳು ನಾನೇ ಅಮ್ಮ. ಈ ವರ್ಷ ನಂಗೆ ಕೆಲಸಾನೇ ಕೊಟ್ಟಿಲ್ಲ" ಎಂದಳು.

ತಂಗಿಗೆ ಹೆಗಲು ಕೊಟ್ಟು ಎರಡು ಮೈಲಿ ನಡೆಸಿಕೊಂಡು ಬಂದಳು. ಕಚೇರಿಯಲ್ಲಿ ವಲಯಾಧಿಕಾರಿ ಸಾಹೇಬರು 'ಸಿಬ್ಬಂದಿಯಿಂದ ರಕ್ಷಣೆ' ಎಂದು ವರದಿ ಬರೆದರು.

"ನನ್ ಹೆಸರು ಹಾಕಿ ಸಾರ್."

"ಆರ್ಡರ್ ಇಲ್ಲದೋರನ್ನ ಒಳಗೆ ಯಾಕ್ ಬಿಟ್ರಿ ಅಂತ ನನ್ ಕುತ್ತಿಗೆಗೆ ಬರುತ್ತೆ ಕಣಮ್ಮ."

ನರ್ಸಮ್ಮ ಕೇಳಿಸಿಕೊಂಡರು. ತಾವೇ ಒಂದು ಹಾಳೆ ಇಸಿದುಕೊಂಡು, ಯಾರು ಬಂದರು, ಯಾರು ಬರಲಿಲ್ಲ ಎಂಬುದನ್ನೆಲ್ಲ ಬರೆದು, ನೇರವಾಗಿ ಮೇಲಿನ ಕಚೇರಿಗೆ ಕಳಿಸಿದರು.

ಅದಕ್ಕೆ ಫಲ ಸಿಕ್ಕಿತು. ಒಂದೇ ದಿನ ಎರಡು ಲಕೋಟೆ ಬಂದವು. ಒಂದರಲ್ಲಿ, ಅನುಮತಿಯಿಲ್ಲದೆ ಅರಣ್ಯ ಪ್ರವೇಶಿಸಿದ್ದೇಕೆ ಎಂದು ಕಾರಣ ಕೇಳಿ ನೋಟಿಸು. ಇನ್ನೊಂದರಲ್ಲಿ ನೇಮಕದ ಆರ್ಡರು. ಹಂಗಾಮು ಮುಗಿಯಲು ಹತ್ತೊಂಬತ್ತು ದಿನ ಉಳಿದಿತ್ತು.

ಗಂಡ ಎರಡನ್ನೂ ಓದಿ ನಗಲು ಹೊರಟವನು ಅವಳ ಮುಖ ನೋಡಿ ಕಾಗದಗಳನ್ನು ಮಡಚಿ ಅವಳ ಕೈಗಿತ್ತ. "ಹೋಗ್ತೀಯಾ?"

"ಹೋಗ್ದೆ? ಆಮೇಲೆ ಕರೆದ್ರೂ ಬರಲಿಲ್ಲ ಅಂತ ಅದನ್ನೂ ಬರ್ಕೋತಾರೆ."

ನೋಟಿಸಿನ ಕೆಳಗೆ 'ಸಾಹೇಬರು ಕರೆದರು, ಹೋದೆ' ಎಂದಷ್ಟೇ ಉತ್ತರ ಬರೆದಳು. ಒತ್ತಿದ ರಭಸಕ್ಕೆ ಪೆನ್ನು ಕಾಗದವನ್ನು ತೂತು ಮಾಡಿತು. ಮರುದಿನ ಕೆಲಸಕ್ಕೆ ಹಾಜರಾದಳು; ಗುಮಾಸ್ತನ ನಮಸ್ಕಾರಕ್ಕೆ ತಿರುಗಿಯೂ ನೋಡಲಿಲ್ಲ.