ಬ್ಯಾಟರಿಯ ಅಡಿಯ ಗೀಟು

ಟಿಕ್ ಟಿಕ್ ಟಿಕ್ ಟಿಕ್.

ಬೆಳಿಗ್ಗೆ ಆರೂವರೆಗೆ ಈ ಸದ್ದು ಕಿವಿಗೆ ಬಿದ್ದರೆ ಸಾಕು, ನನ್ನ ತಲೆ ಕೆಡುತ್ತದೆ. ಸ್ಕೂಟರಿನ ಸೆಲ್ಫ್ ಒತ್ತಿದರೆ ಮೋಟಾರು ಗರ್ರನೆ ತಿರುಗಬೇಕು. ಅದು ಬಿಟ್ಟು ರಿಲೇ ಸ್ವಿಚ್ಚು ಹಲ್ಲಿಯ ಹಾಗೆ ಲೊಚಗುಟ್ಟಿದರೆ ಬ್ಯಾಟರಿಯಲ್ಲಿ ಕಸುವಿಲ್ಲ ಎಂದೇ ಲೆಕ್ಕ. ಇಪ್ಪತ್ತೆರಡು ವರ್ಷ ಗಾಡಿ ಬಿಚ್ಚಿ ಜೋಡಿಸಿದ ನನಗೆ ಅದನ್ನು ಹೇಳಲು ಮೀಟರು ಬೇಡ. ಆದರೆ ನಮ್ಮ ಕಂಪನಿಗೆ ನನ್ನ ಕಿವಿ ಬೇಡ. ಮೀಟರೇ ಬೇಕು.

ನಮ್ಮದು ಪಾರ್ಸೆಲ್ ಹಂಚುವ ಕಂಪನಿ. ಅಂಗಳದಲ್ಲಿ ನಲವತ್ತು ಸ್ಕೂಟರು, ಮೂಲೆಯಲ್ಲಿ ತಗಡಿನ ನನ್ನ ಶೆಡ್ಡು, ಎದುರಿಗೆ ಗಾಜಿನ ಬಾಗಿಲಿನ ಆಫೀಸು, ಅದಕ್ಕೆ ಅಂಟಿಕೊಂಡಂತೆ ಬೀಗ ಹಾಕಿದ ಗೋಡೌನು. ಕಂಪನಿ ಕಳಿಸುವ ಹೊಸ ಬ್ಯಾಟರಿ ಇಳಿಯುವುದು ಅಲ್ಲಿ, ಬೀಗದ ಕೈ ಸೂಪರ್‌ವೈಸರ್ ಹತ್ತಿರ. ಗಾಡಿಗಳೆಲ್ಲ ಕಂಪನಿಯವು. ಓಡಿಸುವವರು ಮಾತ್ರ ಕಂಪನಿಯವರಲ್ಲ. ಹಾಗಂತ ಅವರ ಕರಾರಿನ ಕಾಗದದಲ್ಲೇ ಬರೆದಿದೆ. ಬಿದ್ದರೂ ಅವರದೇ, ಎದ್ದರೂ ಅವರದೇ.

ಆ ದಿನ ಟಿಕ್ ಟಿಕ್ ಅಂದದ್ದು ಗಡಿಬಿಡಿಯ ಗಾಡಿ. ಗಡಿಬಿಡಿ ಅಂದರೆ ನಮ್ಮಲ್ಲಿ ಪಾರ್ಸೆಲ್ ಹಂಚುವ ಹೆಂಗಸು. ನಿಂತಲ್ಲಿ ನಿಲ್ಲುವವಳಲ್ಲ, ಚಹಾವನ್ನೂ ನಡೆಯುತ್ತಲೇ ಕುಡಿಯುತ್ತಾಳೆ. ಅದಕ್ಕೇ ಈ ಹೆಸರು. ಗಂಡ ಕಟ್ಟಡದ ಕೆಲಸದಲ್ಲಿ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದಾನೆ. ಇರುವ ಒಂದೇ ಕೋಣೆಯಲ್ಲಿ ಅವನ ಮಂಚ, ಅತ್ತೆಯ ಚಾಪೆ, ಮಗಳ ಪುಸ್ತಕ, ಒಲೆ. ಇವಳು ನಾಲ್ಕಕ್ಕೆದ್ದು ಅವನನ್ನು ತೊಳೆದು ಒರೆಸಿ, ಅಡುಗೆ ಮುಗಿಸಿ, ಆರಕ್ಕೆ ಇಲ್ಲಿರುತ್ತಾಳೆ.

"ಅಣ್ಣಾ, ಬೇಗ ಬಾ! ಇದು ಮತ್ತೆ ಕೈಕೊಟ್ಟಿತು!"

"ಕೂಗಬೇಡ ತಾಯಿ, ಬಂದೆ."

"ಕೂಗದೆ ಏನ್ ಮಾಡ್ಲಿ? ಆಗ್ಲೇ ಎರಡು ಚೀಟಿ ಆಗಿದೆ ನಂದು."

ಚೀಟಿ ಅಂದರೆ ಕೆಂಪು ಚೀಟಿ. ಗಾಡಿ ನಿಂತರೆ ಸೂಪರ್‌ವೈಸರ್ ಬಂದು ಬ್ಯಾಟರಿಗೆ ಮೀಟರು ಹಿಡಿಸುತ್ತಾನೆ. ಹನ್ನೆರಡೂವರೆ ವೋಲ್ಟಿಗಿಂತ ಕಡಿಮೆ ತೋರಿಸಿದರೆ ಕಂಪನಿಯ ತಪ್ಪು. ಮೇಲೆ ತೋರಿಸಿದರೆ ಸವಾರರ ತಪ್ಪು. ಅದಕ್ಕೆ ಕೆಂಪು ಚೀಟಿ, ಕೆಳಗೆ ನನ್ನ ಸಹಿ. ಮೂರು ಚೀಟಿಯಾದರೆ ಕೆಲಸ ಹೋಯಿತು. ನಾನು ಬಂದ ಮೇಲೆ ಒಮ್ಮೆಯೂ ಅದು ಕಂಪನಿಯ ತಪ್ಪಾದದ್ದನ್ನು ಕಂಡಿಲ್ಲ.

ಮೊದಲೆಲ್ಲ ಸೆಲ್ಫ್ ಹೋದರೆ ಕಿಕ್ ಹೊಡೆದು ಹೊರಟುಬಿಡುತ್ತಿದ್ದರು. ಹೋದ ವರ್ಷ ಕಂಪನಿಯವರು ಎಲ್ಲ ಗಾಡಿಯ ಕಿಕ್ಕರ್ ಬಿಚ್ಚಿಸಿದರು. ಒದ್ದು ಒದ್ದು ಒಳಗಿನ ಗೇರಿನ ಹಲ್ಲು ಮುರಿಯುತ್ತಾರಂತೆ. ಬಿಚ್ಚಿದವನು ನಾನೇ. ಇದು ತಳ್ಳಿದರೆ ಸ್ಟಾರ್ಟ್ ಆಗುವ ಜಾತಿಯ ಗಾಡಿಯೂ ಅಲ್ಲ. ಎರಡನೆಯ ಚೀಟಿಯ ದಿನ ಇದು ಮೇಲುಸೇತುವೆಯ ನಡುವೆ ನಿಂತಿತ್ತು. ಹಿಂದೆ ಲಾರಿಗಳ ಹಾರನ್ನು, ಗಾಡಿಯ ಮೇಲೆ ಮೂವತ್ತು ಪಾರ್ಸೆಲ್ಲು. ಅಷ್ಟನ್ನೂ ಬಿಸಿಲಲ್ಲಿ ತಳ್ಳಿಕೊಂಡು ಅಂಗಳಕ್ಕೆ ಬಂದಳು. ಬಂದವಳ ಕೈಗೆ ನೀರು ಕೊಡುವ ಮೊದಲು ಚೀಟಿ ಕೊಟ್ಟರು. ಅದಕ್ಕೂ ಸಹಿ ಹಾಕಿದವನು ನಾನೇ.

ನಾನು ಸ್ಪ್ಯಾನರ್ ಹಿಡಿದು ಕೂತೆ. ಅವಳು ಗಾಡಿಯ ಸುತ್ತ ಸುತ್ತುತ್ತಲೇ ಇದ್ದಳು.

"ಬ್ರೇಕ್ ಹಿಡಿದು ಒತ್ತಿದ್ಯಾ?"

"ಅಷ್ಟೂ ಗೊತ್ತಿಲ್ವಾ ನಂಗೆ?"

"ಕೇಳ್ಬೇಕಲ್ಲ ತಾಯಿ. ಒತ್ತು ನೋಡೋಣ."

ಬ್ರೇಕ್ ಹಿಡಿದರೆ ಹಿಂದಿನ ದೀಪ ಹತ್ತಿತು. ಸ್ವಿಚ್ಚು ಸರಿ ಇತ್ತು. ಫ್ಯೂಸು ಸುಟ್ಟಿರಲಿಲ್ಲ. ಹಾರನ್ನು ನೆಗಡಿಯಾದವರ ಹಾಗೆ ಗೊರಗುಟ್ಟಿತು. ಹೆಡ್‌ಲೈಟ್ ಹಾಕಿ ಸೆಲ್ಫ್ ಒತ್ತಿಸಿದೆ. ದೀಪ ಕಣ್ಣು ಮುಚ್ಚಿಯೇ ಬಿಟ್ಟಿತು. ಕಾಲಿಡುವ ಜಾಗದ ಮುಚ್ಚಳ ತೆಗೆದೆ. ತಂತಿ ಸಡಿಲ ಇರಬಹುದು, ತುದಿಗೆ ಬಿಳಿ ಪುಡಿ ಕೂತಿರಬಹುದು ಎಂದು ಎರಡೂ ನಟ್ಟು ಬಿಚ್ಚಿದೆ. ತುದಿ ಕನ್ನಡಿಯ ಹಾಗಿತ್ತು.

ಆಗ ಬ್ಯಾಟರಿಯನ್ನು ಹೊರಗೆ ತೆಗೆದೆ. ಮೇಲೆ ಹೋದ ತಿಂಗಳ ತಾರೀಕಿನ ಹೊಸ ಸ್ಟಿಕ್ಕರು ಅಂಟಿತ್ತು. ಅಡಿ ಒರೆಸೋಣವೆಂದು ತಿರುಗಿಸಿದೆ.

ಅಡಿಯಲ್ಲಿ ಗೀಟಿತ್ತು. ಮೊಳೆಯಿಂದ ಎಳೆದ ಎರಡು ಅಡ್ಡ ಗೀಟು, ಅದರ ಮೇಲೊಂದು ಉದ್ದ ಗೀಟು.

ಆ ಗೀಟು ಎಳೆದವನು ನಾನು. ಸತ್ತ ಬ್ಯಾಟರಿಯ ಅಡಿಗೆ ಮೊಳೆಯಲ್ಲಿ ಹಾಗೆ ಗೀಚಿ ಗುಜರಿಯ ಗುಡ್ಡೆಗೆ ಹಾಕುವುದು ನನ್ನ ಹಳೆಯ ಪದ್ಧತಿ. ಒಮ್ಮೆ ಗೀಚಿದ್ದನ್ನು ಮತ್ತೆ ಗಾಡಿಗೆ ಹಾಕುವ ಹಾಗಿಲ್ಲ. ನಾನು ಗುಜರಿಗೆ ಹಾಕಿದ್ದು ಗೋಡೌನಿಗೆ ಹೋಗಿ, ರಾತ್ರಿಯೆಲ್ಲ ಚಾರ್ಜಿಗೆ ಕೂತು, ಹೊಸದಾಗಿ ನನ್ನ ಕೈಗೇ ಬಂದಿತ್ತು.

ಗೊತ್ತಿರಲಿಲ್ಲ ಎಂದು ಹೇಳಿದರೆ ನನ್ನ ನಾಲಿಗೆಗೆ ಹುಳ ಬೀಳಲಿ. ಗೋಡೌನಿನಿಂದ ಬಂದ ಬ್ಯಾಟರಿ ಹೊಸದರಷ್ಟು ಮಿನುಗುತ್ತಿರಲಿಲ್ಲ. ಮೂಲೆಗಳು ಸವೆದಿರುತ್ತಿದ್ದವು. ತಿರುಗಿಸಿ ನೋಡಿದ್ದರೆ ಗೊತ್ತಾಗುತ್ತಿತ್ತು. ನಾನು ತಿರುಗಿಸಲಿಲ್ಲ, ಅಷ್ಟೆ. ಕೊಟ್ಟ ತಾರೀಕಿನ ಸ್ಟಿಕ್ಕರು ಅಂಟಿಸಿದೆ, ಹಾಕಿದೆ. ನನಗೂ ಮನೆ ಇದೆ, ನನಗೂ ಭಯ ಇದೆ.

"ಏನಾಯ್ತಣ್ಣಾ? ಯಾಕೆ ಹಾಗೆ ಕೂತ್ಬಿಟ್ಟೆ?"

"ಏನಿಲ್ಲ" ಎಂದು ಬ್ಯಾಟರಿಯನ್ನು ಮತ್ತೆ ಗೂಡಿಗೆ ತಳ್ಳಿ ನಟ್ಟು ಬಿಗಿದೆ.

ಅಷ್ಟರಲ್ಲಿ ಸೂಪರ್‌ವೈಸರ್ ಬಂದ. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಚೀಟಿಯ ಪುಸ್ತಕ.

"ಮತ್ತೆ ಇದೇ ಹೆಂಗಸಾ?"

"ಸರ್, ನಾನೇನೂ ಮಾಡಿಲ್ಲ ಸರ್. ಸಂಜೆ ಹೇಗೆ ನಿಲ್ಲಿಸಿದ್ನೋ ಹಾಗೇ ಇದೆ."

"ಲೈಟ್ ಆರಿಸದೆ ಹೋಗಿರ್ತೀಯ. ಇಲ್ಲಾಂದ್ರೆ ಸೆಲ್ಫ್ ಒತ್ತಿ ಒತ್ತಿ ಹಾಳು ಮಾಡಿರ್ತೀಯ. ಮೀಟರ್ ಹಿಡೀಯಪ್ಪ."

ನಾನು ಮೀಟರಿನ ಎರಡು ಕಡ್ಡಿ ಮುಟ್ಟಿಸಿದೆ. ಮುಳ್ಳು ಏರಿ ನಿಂತಿತು. ಹನ್ನೆರಡು ಪಾಯಿಂಟ್ ಆರು. ನಿನ್ನೆಯಿಡೀ ಓಡಿದ ಗಾಡಿಯಲ್ಲೇ ಚಾರ್ಜಾದ ಬ್ಯಾಟರಿ, ಸುಮ್ಮನೆ ಕೂತಾಗ ಬೇರೇನು ತೋರಿಸೀತು?

"ನೋಡು, ಬ್ಯಾಟರಿ ಗಟ್ಟಿಮುಟ್ಟಾಗಿದೆ" ಎಂದು ಸೂಪರ್‌ವೈಸರ್ ಪೆನ್ನು ತೆಗೆದ. "ಸವಾರರ ತಪ್ಪು. ಮೂರನೇದು."

"ಸರ್, ಬೇರೆ ಬ್ಯಾಟರಿ ಒಂದು ಕೊಟ್ರೆ..." ಎಂದೆ ನಾನು.

"ಇದು ಚೆನ್ನಾಗಿದೆಯಲ್ಲಾ, ಬೇರೆ ಯಾಕೆ? ಸಹಿ ಹಾಕು."

ಗಡಿಬಿಡಿಯ ಫೋನು ಬಡಿದುಕೊಳ್ಳುತ್ತಿತ್ತು. ಹೊರಡಲಿಲ್ಲವೇಕೆ ಎಂದು ಕೇಳುವ ಕಂಪನಿಯ ಗಂಟೆ ಅದು. ಅವಳು ಅದನ್ನು ಜೇಬಿಗೆ ತುರುಕಿಕೊಂಡು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಅಣ್ಣಾ, ನಾನು ಮೀಟರ್ ಓದಿದವಳಲ್ಲ. ಆದ್ರೆ ಸುಮ್ನೆ ಕೂತಾಗ ನನ್ನ ಗಂಡನೂ ಚೆನ್ನಾಗೇ ಕಾಣ್ತಾನೆ. ಎದ್ದು ಒಂದು ಕೊಡ ಎತ್ತು ಅಂದಾಗ ತಾನೇ ಸೊಂಟ ಮುರಿದಿರೋದು ಗೊತ್ತಾಗೋದು? ನಾನು ಸೆಲ್ಫ್ ಒತ್ತುವಾಗ ಈ ಮುಳ್ಳು ಏನ್ ಮಾಡುತ್ತೆ, ಅದನ್ನ ನೋಡು."

ಇಪ್ಪತ್ತೆರಡು ವರ್ಷ ಕಲಿತದ್ದನ್ನು ಅವಳು ಒಂದೇ ಮಾತಲ್ಲಿ ಹೇಳಿದ್ದಳು. ಬ್ಯಾಟರಿಯನ್ನು ಭಾರ ಹೊರಿಸಿಯೇ ನೋಡಬೇಕು. ನನಗೆ ಅದು ಗೊತ್ತಿತ್ತು, ಕಂಪನಿಗೂ ಗೊತ್ತಿತ್ತು. ಅದಕ್ಕೇ ಕಂಪನಿಯ ಫಾರಂನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

"ಅದೆಲ್ಲ ಬೇಡ, ಫಾರಂನಲ್ಲಿ ಆ ಕಾಲಂ ಇಲ್ಲ" ಎಂದ ಸೂಪರ್‌ವೈಸರ್.

"ಒತ್ತು ತಾಯಿ" ಎಂದೆ ನಾನು.

ಅದು ನನ್ನ ಬಾಯಿಂದ ಹೇಗೆ ಬಂತೋ ಕಾಣೆ. ಅವಳು ಬ್ರೇಕ್ ಹಿಡಿದು ಒತ್ತಿದಳು. ಟಿಕ್ ಟಿಕ್ ಟಿಕ್. ಮುಳ್ಳು ದೊಪ್ಪನೆ ಕುಸಿದು ಏಳು ವೋಲ್ಟಿಗೆ ಬಂತು. ಕೈ ಬಿಟ್ಟಳು. ಏನೂ ನಡೆದೇ ಇಲ್ಲವೆನ್ನುವ ಹಾಗೆ ಮತ್ತೆ ಹನ್ನೆರಡೂವರೆಗೆ ಏರಿತು.

ಹೊರಡಲು ನಿಂತಿದ್ದ ಸವಾರರು ಒಬ್ಬೊಬ್ಬರಾಗಿ ಬಂದು ಬಗ್ಗಿ ನೋಡಿದರು. ಅವರಲ್ಲಿ ದಪ್ಪ ಗಾಜಿನ ಕನ್ನಡಕದವನೊಬ್ಬ ಇದ್ದ. ನಾವೆಲ್ಲ ಕನ್ನಡಕ ಎಂದೇ ಕರೆಯುವುದು. ಎಲ್ಲದಕ್ಕೂ ತಮಾಷೆ ಮಾಡುವವನು.

"ಅಯ್ಯೋ, ಇದು ನಮ್ಮ ಭಾವನ ಥರ ಕಣಣ್ಣಾ. ಊಟಕ್ಕೆ ಕೂತಾಗ ಪೈಲ್ವಾನ, ಕೆಲಸ ಅಂದ್ರೆ ಜ್ವರ."

ಒಂದಿಬ್ಬರು ನಕ್ಕರು. ಕನ್ನಡಕ ನಗಲಿಲ್ಲ. "ನಂದೂ ಎರಡು ಚೀಟಿ ಆಗಿದೆ. ನಂದೂ ಹೀಗೇ ನೋಡಣ್ಣಾ" ಎಂದ.

"ಎಲ್ಲಾ ಅವರವರ ಗಾಡಿ ಹತ್ರ ಹೋಗಿ!" ಸೂಪರ್‌ವೈಸರ್ ಕಿರುಚಿದ. ಪುಸ್ತಕವನ್ನು ನನ್ನ ಮೂಗಿನ ಹತ್ತಿರ ಹಿಡಿದ. "ನೀನು ಸಹಿ ಹಾಕ್ತೀಯೋ, ಇಲ್ಲಾ ನಿನ್ನ ಸಾಮಾನಿನ ಡಬ್ಬ ಎತ್ತಿಕೊಂಡು ಹೊರಡ್ತೀಯೋ?"

ಗಡಿಬಿಡಿ ನನ್ನನ್ನೇ ನೋಡುತ್ತಿದ್ದಳು. ಬೇಡಿಕೊಳ್ಳುವ ನೋಟವಾಗಿದ್ದರೆ ಹೇಗೋ ತಪ್ಪಿಸಿಕೊಳ್ಳುತ್ತಿದ್ದೆ. ಹೋದ ಸಲವೂ ನೀನು ಸಹಿ ಹಾಕಿದೆಯಲ್ಲ ಎನ್ನುವ ನೋಟ ಅದು.

ಪೆನ್ನು ಇಸಿದುಕೊಂಡೆ. 'ಸವಾರರ ತಪ್ಪು' ಎಂಬುದನ್ನು ಹೊಡೆದುಹಾಕಿದೆ. ಕಾರಣದ ಜಾಗದಲ್ಲಿ ನನ್ನ ಕೆಟ್ಟ ಅಕ್ಷರದಲ್ಲಿ ಬರೆದೆ. 'ಈ ಬ್ಯಾಟರಿ ಸತ್ತಿದೆ. ಸತ್ತಿದೆ ಎಂದು ಗೀಟು ಹಾಕಿದವನು ನಾನು. ಮೇಲೆ ಹೊಸ ತಾರೀಕು ಅಂಟಿಸಿದವನೂ ನಾನು.' ಕೆಳಗೆ ಸಹಿ ಹಾಕಿದೆ.

ಸೂಪರ್‌ವೈಸರ್ ಓದಿದ.

"ಏನ್ ಗೀಟು? ಯಾವ ಗೀಟು?"

ನಾನು ಬ್ಯಾಟರಿ ಬಿಚ್ಚಿ, ಎಲ್ಲರಿಗೂ ಕಾಣುವ ಹಾಗೆ ನೆಲದ ಮೇಲೆ ಬೋರಲು ಹಾಕಿದೆ. ಮೊಳೆಯ ಗೀಟಿನ ಮೇಲೆ ಬೆರಳಿಟ್ಟೆ. "ಇದು" ಎಂದೆ. "ಈ ಗುರುತು ಇರೋದೆಲ್ಲ ನಾನು ಗುಜರಿಗೆ ಹಾಕಿದ್ದು. ಎಷ್ಟು ಜನರ ಗಾಡೀಲಿ ಇದೆಯೋ ನಂಗೂ ಗೊತ್ತಿಲ್ಲ. ನೀವೇ ತಿರುಗಿಸಿ ನೋಡ್ಕೊಳ್ಳಿ."

ನಿಮಿಷದೊಳಗೆ ನನ್ನ ಶೆಡ್ಡಿನ ಹತ್ತನೇ ನಂಬರಿನ ಸ್ಪ್ಯಾನರುಗಳೆಲ್ಲ ಖಾಲಿ. ಸಿಕ್ಕದವರು ಇಕ್ಕಳ ಎತ್ತಿಕೊಂಡರು. ಅಂಗಳದ ತುಂಬ ಮುಚ್ಚಳ ಕಳಚುವ ಸದ್ದು. "ನಂದ್ರಲ್ಲೂ ಇದೆ!" ಎಂದು ಒಬ್ಬ ಕೂಗಿದ. "ನಂದ್ರಲ್ಲೂ!" ಎಂದಳು ಆ ಕಡೆಯಿಂದ ಇನ್ನೊಬ್ಬಳು. ಕನ್ನಡಕ ತನ್ನ ಬ್ಯಾಟರಿಯನ್ನು ಕಣ್ಣಿಗೆ ತೀರ ಹತ್ತಿರ ಹಿಡಿದು ನೋಡಿ, ತಂದು ಗಡಿಬಿಡಿಯ ಬ್ಯಾಟರಿಯ ಪಕ್ಕ ಬೋರಲಿಟ್ಟ. ಒಬ್ಬೊಬ್ಬರೇ ತಂದು ಇಡುತ್ತ ಹೋದರು. ಆಫೀಸಿನ ಗಾಜಿನ ಬಾಗಿಲಿನವರೆಗೂ ಸಾಲು ಬೆಳೆಯಿತು. ನಾನೇ ಗೀಚಿದ ಗೀಟುಗಳು ಅಷ್ಟೂ ನನ್ನನ್ನೇ ನೋಡುತ್ತಿದ್ದವು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ಅಣ್ಣಾ, ನೀನು ಇಷ್ಟು ದಿನ..." ಎಂದ ಒಬ್ಬ, ಹಲ್ಲು ಕಚ್ಚಿಕೊಂಡು.

"ಹೌದಪ್ಪ, ನಾನೇ. ಬಯ್ಯೋದು ಬಾಕಿ ಇರ್ಲಿ, ಓಡಿಹೋಗಲ್ಲ."

ಸೂಪರ್‌ವೈಸರ್ ಕೈ ಕೊಡವಿದ. "ಮಾಡ್ತೀನಿ ನಿಮಗೆಲ್ಲ! ಹೆಡ್ ಆಫೀಸಿಗೇ ಹೋಗಿ ಹೇಳ್ತೀನಿ. ಇವತ್ತೇ ನಿಮ್ಮೆಲ್ಲರ ಕೆಲಸ ಬಂದ್!" ಎನ್ನುತ್ತ ದಾಪುಗಾಲು ಹಾಕಿ ಹೋಗಿ, ಆಫೀಸಿನ ನೆರಳಲ್ಲಿ ನಿಲ್ಲಿಸಿದ್ದ ತನ್ನ ಸ್ಕೂಟರ್ ಹತ್ತಿದ. ಅದೂ ಕಂಪನಿಯದೇ. ನಮ್ಮವುಗಳಂಥದ್ದೇ, ಅದೇ ಬಣ್ಣದ್ದು.

ಸೆಲ್ಫ್ ಒತ್ತಿದ.

ಗರ್ರನೆ, ಒಂದೇ ಒತ್ತಿಗೆ, ಸ್ಟಾರ್ಟ್ ಆಯಿತು.

ಸ್ಪ್ಯಾನರುಗಳ ಸದ್ದು ನಿಂತಿತು. ಅಂಗಳದಲ್ಲಿದ್ದ ಅಷ್ಟೂ ಜನ ತಿರುಗಿ ನೋಡಿದರು. ನಮ್ಮ ಅಂಗಳದಲ್ಲಿ ಅಂಥ ಸದ್ದು ಕೇಳಿ ಎಷ್ಟು ತಿಂಗಳಾಗಿತ್ತೋ. ಕಂಪನಿ ಕಳಿಸಿದ ಹೊಸ ಬ್ಯಾಟರಿ ಎಲ್ಲಿ ಹೋಯಿತೆಂದು ಇನ್ನು ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ. ಒಂದಾದರೂ ಅಲ್ಲಿ ಗುರುಗುಡುತ್ತಿತ್ತು. ಉಳಿದವು ಯಾವ ಅಂಗಡಿ ಸೇರಿದವೋ, ಅದು ಆ ಬೀಗದ ಕೈ ಇಟ್ಟುಕೊಂಡವನಿಗೆ ಗೊತ್ತು.

ಗಡಿಬಿಡಿ ತನ್ನ ಸತ್ತ ಬ್ಯಾಟರಿಯನ್ನು ಎತ್ತಿಕೊಂಡಳು. ಅಂಗಳ ದಾಟಿ ಹೋಗಿ ಗೇಟಿನ ನಡುವೆ, ಅವನ ಮುಂದಿನ ಚಕ್ರಕ್ಕೆ ಅಡ್ಡ ನಿಂತಳು.

"ಸರ್, ಆಫ್ ಮಾಡಿ, ಇಳೀರಿ. ನಿಮ್ಮದನ್ನೂ ತಿರುಗಿಸಿ ನೋಡೋಣ."

"ದಾರಿ ಬಿಡು!"

"ನೋಡಿದ ಮೇಲೆ."

ಕನ್ನಡಕ ಹೋಗಿ ಅವಳ ಪಕ್ಕ ನಿಂತ. ಆಮೇಲೆ ಇನ್ನಿಬ್ಬರು. ಆಮೇಲೆ ಗೇಟು ಕಾಣದಷ್ಟು ಜನ. ನಾನು ಮೀಟರು ಕೈಯಲ್ಲಿ ಹಿಡಿದು ಕೊನೆಗೆ ಹೋಗಿ ನಿಂತೆ. ಅವನು ಹಾರನ್ ಒತ್ತಿದ. ಎಂಥ ಗಟ್ಟಿ ಹಾರನ್ನು ಅಂತೀರಿ, ಬೀದಿಯವರೆಲ್ಲ ಬಾಗಿಲಿಗೆ ಬಂದರು. ಎಲ್ಲರ ಜೇಬಿನಲ್ಲೂ ಫೋನುಗಳು ಬಡಿದುಕೊಳ್ಳುತ್ತಿದ್ದವು. ಹೊರಡಿ, ಹೊತ್ತಾಯಿತು, ಹೊರಡಿ. ಯಾರೂ ತೆಗೆಯಲಿಲ್ಲ. ಅವನು ಮತ್ತೆ ಮತ್ತೆ ಹಾರನ್ ಒತ್ತಿದ, ಬೆವರು ಒರೆಸಿಕೊಂಡ, ಗಡಿಯಾರ ನೋಡಿಕೊಂಡ, ಹಿಂದೆ ಮುಂದೆ ಕಾಲು ಎಳೆದ.

ಗಡಿಬಿಡಿ ಮಾತ್ರ ನಿಂತಲ್ಲಿಂದ ಅಲುಗಲಿಲ್ಲ. ಅವಳು ಹಾಗೆ ಸುಮ್ಮನೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.