ಲೈನ್ ಪೂನಮ್

ಫ್ಯಾನಿನ ರೆಕ್ಕೆಗಳು ಇಷ್ಟು ಹೊತ್ತು ಒಂದೇ ಬಿಲ್ಲೆಯಂತಿದ್ದವು, ಈಗ ಬೇರೆ ಬೇರೆಯಾಗುತ್ತಿವೆ, ಒಂದು, ಎರಡು, ಮೂರನೆಯದರ ತುದಿಗೆ ಜೇಡರ ನೂಲು ಅಂಟಿದೆ, ನಿಂತೇಬಿಟ್ಟಿತು, ಲೈನ್ ಹೋಯಿತು ಅಂದುಕೊಂಡಳು ದ್ರೌಪದಿ, ರೊಟ್ಟಿ ಬಡಿಯುತ್ತಿದ್ದ ಕೈ ಹಿಟ್ಟಿನ ಮೇಲೆಯೇ ನಿಂತಿತು — ಹೋದದ್ದಲ್ಲ, ತೆಗೆದದ್ದು, ತೆಗೆಸಿದವನು ಅವಳ ಗಂಡನೇ, ಈಗಷ್ಟೇ ಬಾಗಿಲ ಚೌಕಟ್ಟಿಗೆ ಭುಜ ಕೊಟ್ಟು, ಚಾರ್ಜರಿನ ವೈರು ಚುಚ್ಚಿದ ಹಾಗೆಯೇ ಫೋನು ಕಿವಿಗೆ ಹಿಡಿದು, ಮೇಡಂ ಲೈನ್ ಕೊಡ್ರಿ, ಕುಂಚಾವರಂ ರಸ್ತಾದ ಕಡಿ ವೈರಿನ ಮ್ಯಾಲ ಬೇವಿನ ಟೊಂಗಿ ಬಿದ್ದದ, ಒಂದು ತಾಸಿನ ಕೆಲಸ ಅದ, ಹ್ಞೂಂ, ಕೊಡ್ರಿ ಮೇಡಂ, ಎಂಥ ದನಿ ಅದು, ಬೆಣ್ಣೆ ಸವರಿದ ದನಿ, ಹನ್ನೊಂದು ವರ್ಷದಲ್ಲಿ ಆ ದನಿಯಲ್ಲಿ ಅವನು ಅವಳ ಹತ್ತಿರ ಒಂದು ಲೋಟ ನೀರೂ ಕೇಳಿಲ್ಲ. ಬೂಟು ಹಾಕಿಕೊಂಡ, ಬೈಕು ಒದ್ದ, ಹೋದ. ಅಂಬಾರಾಯ ಲೈನ್‌ಮ್ಯಾನ್, ಸುಲೇಪೇಟದ ಸುತ್ತಿನ ಕಂಬಗಳೆಲ್ಲ ಅವನವು, ಆದರೆ ಕಂಬ ಹತ್ತಬೇಕಾದರೆ ಊರ ಹೊರಗಿನ ಸಬ್‌ಸ್ಟೇಷನ್ನಿನಲ್ಲಿ ಕೂತ ಪೂನಮ್ ಎಂಬ ಹುಡುಗಿ ಹ್ಞೂಂ ಅನ್ನಬೇಕು, ಅವಳು ಲೈನ್ ಕೊಟ್ಟರೆ ವೈರು ಸಾಯುತ್ತದೆ, ಇವನು ಮುಟ್ಟುತ್ತಾನೆ, ಕೆಲಸ ಮುಗಿದ ಮೇಲೆ ಮತ್ತೆ ಫೋನು, ಮತ್ತೆ ಬೆಣ್ಣೆ, ಆಮೇಲೆ ಊರಿಗೆ ಊರೇ ಬೆಳಗುತ್ತದೆ. ದಿನಕ್ಕೆ ನಾಲ್ಕು ಸಲ, ಐದು ಸಲ. ಲೈನ್ ಕೊಡ್ರಿ, ಲೈನ್ ಕೊಟ್ಟೀನಿ, ಲೈನ್ ತಗೊಂಡೆ. ಹೊರಗಿನವರು ಕೇಳಿದರೆ ಏನಂದುಕೊಂಡಾರು — ಕೇಳಿದ್ದಾರೆ, ಅಂದುಕೊಂಡೂ ಇದ್ದಾರೆ, ಸೇಡಂನ ಮದುವೆಯಲ್ಲಿ ನೆಗೆಣ್ಣಿ ಎಲ್ಲರ ಎದುರು, ಯಕ್ಕಾ, ಭಾವಾರಿಗಿ ದಿನಾ ಲೈನ್ ಕೊಡೋಕಿ ಭಾಳ ಚಂದ ಅದಾಳಂತಲ್ಲ, ಖರೇ ಏನು, ಪಂಕ್ತಿಯ ಹೆಂಗಸರೆಲ್ಲ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು, ದ್ರೌಪದಿಯೂ ನಕ್ಕಳು, ನಗದಿದ್ದರೆ ಇನ್ನೂ ನಗುತ್ತಿದ್ದರು.

ವಾಡಿ ಜಂಕ್ಷನ್ನಿನಲ್ಲಿ ಹುಟ್ಟಿದವಳಿಗೆ ಲೈನ್ ಎಂದರೆ ಮೊದಲು ರೈಲಿನ ಹಳಿ, ಅಪ್ಪ ಹಳಿ ರಿಪೇರಿಯ ಗ್ಯಾಂಗಿನಲ್ಲಿದ್ದ, ನಿಮ್ಮಪ್ಪ ಎಲ್ಲಿ ಅಂದರೆ ಲೈನ್ ಮ್ಯಾಲ ಹೋಗ್ಯಾನ ಅನ್ನಬೇಕಿತ್ತು, ಲೈನ್ ದಾಟುವಾಗ ಎರಡೂ ಕಡಿ ನೋಡವ್ವಾ, ಒಂದು ಗಾಡಿ ಹೋತು ಅಂತ ಓಡಬ್ಯಾಡ, ಅದರ ಮರಿಗಿ ಇನ್ನೊಂದು ಬರ್ತಿರ್ತದ ಅನ್ನುತ್ತಿದ್ದ ಅಪ್ಪ, ನೋಡಲಿಲ್ಲ ಅಪ್ಪಾ, ಮರೆಯಲ್ಲಿ ಬಂದದ್ದನ್ನು ನಾನು ನೋಡಲಿಲ್ಲ. ಆಮೇಲೆ ಲೈನ್ ಎಂದರೆ ನಳದ ಮುಂದೆ ಕೊಡಗಳ ಸಾಲು, ನನ್ನ ಕೊಡ ಲೈನಿನಾಗ ಅದ, ಯಾರೂ ಸರಸಬ್ಯಾಡ್ರಿ ಎಂದು ಜಗಳಕ್ಕೆ ನಿಲ್ಲುತ್ತಿದ್ದಳು, ಆಗ ಎಷ್ಟು ಬಾಯಿತ್ತು ಅವಳಿಗೆ. ದೊಡ್ಡವಳಾದ ಮೇಲೆ ಸ್ಟೇಷನ್ ಗೋಡೆಯ ಮೇಲೆ ಕೂತ ಹುಡುಗರು ಲೈನ್ ಹೊಡೆಯುತ್ತಿದ್ದರು, ಅವ್ವ ತಲೆಯ ಮೇಲೆ ಸೆರಗೆಳೆದು ಎಳೆದುಕೊಂಡು ಹೋಗುತ್ತಿದ್ದಳು. ಈಗ ಮಗಳು ಲುಂಬಿನಿಯ ನಾಲ್ಕು ಲೈನಿನ ಕಾಪಿ, ಲೈನಿನ ಹೊರಗ ಅಕ್ಷರ ಹೋಗಬಾರದಂತವ್ವಾ, ಟೀಚರ್ ಹೊಡಿತಾರ. ಒಂದೇ ಮಾತು, ಇಷ್ಟು ಮಂದಿ ಇಷ್ಟು ಕಡೆ ಹಿಡಿದು ಎಳೆಯುತ್ತಾರೆ, ಇಂಗ್ಲೀಷಿನವರಿಗೆ ಬೇರೆ ಮಾತೇ ಇರಲಿಲ್ಲವೇನು. ಗಂಡನ ಫೋನಿನಲ್ಲಿ ಆ ಹುಡುಗಿಯ ಹೆಸರು ಲೈನ್ ಪೂನಮ್ ಎಂದಿದೆ, ಕೇಳಿದ್ದಳು, ಲೈನ್ ಅಂತ ಯಾಕ ಹಾಕೀರಿ, ಅವನು ತಲೆ ಎತ್ತದೆ, ಚಿತ್ತಾಪುರದ ಅತ್ತಿ ಮಗಳೂ ಪೂನಮ್ಮೇ ಅದಾಳಲ್ಲ, ಗುರ್ತಿಗಿ ಅಂದಿದ್ದ. ಸರಿ. ಮತ್ತೆ ನನ್ನ ಹೆಸರು ಏನಂತ ಹಾಕೀರಿ, ಅವಳೇ ಕಸಿದು ನೋಡಿದ್ದಳು, ಮನಿ ಎಂದಿತ್ತು, ಬರೀ ಮನಿ, ಗೋಡೆ, ಕದ, ಸುಣ್ಣ, ಮನಿ.

ಒಂದೇ ಸಲ ನೋಡಿದ್ದು ಆ ಹುಡುಗಿಯನ್ನು, ಜಯಂತಿಯ ದಿನ, ಬೌದ್ಧ ವಿಹಾರದ ಅಂಗಳದಲ್ಲಿ, ಬಿಳೀ ಸೀರೆ, ನೀಲಿ ಅಂಚು, ಶಹಾಬಾದಿನವಳಂತೆ, ಅಪ್ಪ ನೆಲಕ್ಕೆ ಹಾಸುವ ಪರಸಿಕಲ್ಲಿನ ಕೆಲಸದವನು, ಕಲ್ಲಿನ ಮೇಲೆ ಸುಣ್ಣದ ನೂಲು ಬಡಿದು ಲೈನ್ ಹಾಕಿ ಕಡಿಯುತ್ತಾರಲ್ಲ ಅಂಥವರ ಮಗಳು, ಅದಕ್ಕೇ ಇರಬೇಕು ಅಷ್ಟು ನೆಟ್ಟಗೆ ನಿಲ್ಲುತ್ತಾಳೆ, ತಾನಾಗಿ ಹತ್ತಿರ ಬಂದು, ನೀವು ಅಂಬಾರಾಯ ಅವರ ಮನಿಯವರಲ್ಲೇನ್ರಿ ಅಕ್ಕ, ನಾವು ದಿನಾ ಲೈನ್ ಮ್ಯಾಲ ಮಾತಾಡ್ತೇವಿ, ಮಗಳ ಜ್ವರ ಕಡಿಮಿ ಆದ್ವೇನ್ರಿ. ಜ್ವರ. ಲುಂಬಿನಿಗೆ ಜ್ವರ ಬಂದದ್ದು ಇವಳಿಗೆ ಗೊತ್ತು. ಇನ್ನೇನು ಗೊತ್ತು, ದ್ರೌಪದಿ ಮಾಡಿದ ಪಲ್ಯಕ್ಕೆ ಉಪ್ಪು ಹೆಚ್ಚಾದದ್ದು ಗೊತ್ತೇ, ನಾಲ್ಕು ದಿನ ಅವನು ಗೋಡೆಯ ಕಡೆ ತಿರುಗಿ ಮಲಗಿದ್ದು ಗೊತ್ತೇ. ಪಕ್ಕದಲ್ಲಿದ್ದ ಅಂಬಾರಾಯ ಆಗ ನೆಲ ನೋಡುತ್ತಿದ್ದ, ತಪ್ಪಿಲ್ಲದವನು ನೆಲ ಯಾಕೆ ನೋಡುತ್ತಾನೆ.

ರೊಟ್ಟಿ ಮುಗಿದವು, ಪಾತ್ರೆ ತೊಳೆದಳು, ಮೊಳೆಗೆ ತೂಗುಬಿಟ್ಟ ಚೀಲದಲ್ಲಿ ಏನೋ ನಡುಗಿತು, ಫೋನು, ಬೂಟು ಹಾಕಿಕೊಳ್ಳುವಾಗ ಅಲ್ಲಿಟ್ಟು ಮರೆತೇ ಹೋಗಿದ್ದಾನೆ, ಗಾಜಿನ ಮೇಲೆ ಅದೇ ಎರಡು ಮಾತು, ಲೈನ್ ಪೂನಮ್, ಎತ್ತಲಿಲ್ಲ, ಸುಮ್ಮನಾಯಿತು, ಮತ್ತೆ ನಡುಗಿತು, ಒದ್ದೆ ಕೈಯಲ್ಲೇ ಎತ್ತಿದಳು, ಹಲೋ ಅನ್ನುವ ಮೊದಲೇ ಆ ಕಡೆಯಿಂದ, ಎಲ್ಲಿದ್ದೀರ್ರಿ, ಎಷ್ಟು ಹೊತ್ತು ಕಾಯ್ಬೇಕ್ರಿ ನಿಮ್ಮ ಸಲುವಾಗಿ, ಒಂದೂವರಿ ತಾಸಾಯ್ತು ಫೋನ್ ಹಿಡಕೊಂಡೇ ಕುಂತೀನಿ, ನನ್ನ ಜೀವ ಹೋಗಾಕತ್ತದಿಲ್ಲಿ. ಕಾಯುತ್ತಿದ್ದಾಳೆ. ಜೀವ ಹೋಗುತ್ತಿದೆಯಂತೆ. ದ್ರೌಪದಿಯ ಕಿವಿಯೊಳಗೆ ಬಿಸಿ ಎಣ್ಣೆ ಬಿಟ್ಟಂತಾಯಿತು, ಸೇಡಂನ ಪಂಕ್ತಿ, ನೀಲಿ ಅಂಚು, ಮನಿ ಮನಿ ಮನಿ, ಎಲ್ಲ ಒಟ್ಟಿಗೆ ನಾಲಿಗೆಗೆ ಬಂತು, ಹಲೋ, ಯಾರ್ರಿ ಮಾತಾಡೋದು ಅನ್ನುತ್ತಿದೆ ಆ ಕಡೆ, ಕೆಲಸ ಆಯ್ತೇನ್ರಿ, ಯಾರ್ರಿ, ನಾನು, ನಾನು ಅಂದಳು ದ್ರೌಪದಿ, ಅವರ ಲೈನ್ ಬಿಡ್ರಿ ನೀವು, ಬಿಡ್ರಿ ಅಂದ್ರ ಬಿಡ್ರಿ, ಮದಲ ಅವರ ಲೈನ್ ಬಿಡ್ರಿ — ಆ ಕಡೆ ಮಾತು ಬರುವ ಮೊದಲೇ ಫೋನು ಒಂದು ಸಲ ಮಿನುಗಿ ಕಪ್ಪಾಯಿತು, ಚಾರ್ಜು ತೀರಿತ್ತು.

ಎಷ್ಟು ಹಗುರವಾಯಿತು ಎದೆ. ಹೇಳಿಬಿಟ್ಟೆ. ಒಂದು ವರ್ಷದಿಂದ ಗಂಟಲಲ್ಲಿದ್ದದ್ದನ್ನು ಮುಖದ ಮೇಲೆ ಹೊಡೆದ ಹಾಗೆ ಹೇಳಿಬಿಟ್ಟೆ, ಲೈನ್ ಬಿಡ್ರಿ, ಗಾದಿಯ ಮೇಲೆ ಕೂತಳು, ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು, ಲೈನ್ ಬಿಡ್ರಿ, ಮಾತು ಬಾಯಲ್ಲಿ ಇನ್ನೊಂದು ಸುತ್ತು ಹಾಕಿತು, ಎಲ್ಲಿಯದೋ ಪರಿಚಯದ ಮಾತು, ತನ್ನದಲ್ಲ, ಅವನದು, ಸಂಜೆ ಅಂಗಳದಲ್ಲಿ ನಿಂತು ಬೆಣ್ಣೆಯ ದನಿಯಲ್ಲಿ ಅವನು ಅನ್ನುವುದು, ಕೆಲಸ ಆಯ್ತು ಮೇಡಂ, ಎಲ್ಲಾರೂ ಇಳದೀವಿ, ಲೈನ್ ಬಿಡ್ರಿ, ಅಂದ ಒಂದು ನಿಮಿಷಕ್ಕೆ ಬಲ್ಬು ಹೊತ್ತಿಕೊಳ್ಳುತ್ತದೆ, ವೈರಿನಲ್ಲಿ ಬೆಂಕಿ ಹರಿಯುತ್ತದೆ — ಅಯ್ಯೋ ಅವ್ವಾ, ಏನಂದೆ ನಾನು. ತಲೆ ಎತ್ತಿ ಫ್ಯಾನು ನೋಡಿದಳು. ತಿರುಗಬ್ಯಾಡ. ನಿನ್ನ ಕಾಲಿಗೆ ಬೀಳ್ತೀನಿ, ತಿರುಗಬ್ಯಾಡ. ಅದು ತಿರುಗಿತೆಂದರೆ ಬೇವಿನ ಟೊಂಗೆಯ ಪಕ್ಕದಲ್ಲಿ ಕಂಬಕ್ಕೆ ಬೆಲ್ಟು ಬಿಗಿದುಕೊಂಡು ಕೈ ಚಾಚಿರುವವನು — ಫೋನು ಒತ್ತಿದಳು, ಕಪ್ಪು, ತನ್ನ ಫೋನಿನಲ್ಲಿ ಆ ಹುಡುಗಿಯ ನಂಬರು ಇಲ್ಲ, ಇಡುವುದಿರಲಿ, ಬೆಂಕಿ ಹಚ್ಚುತ್ತಿದ್ದಳು ಆ ನಂಬರಿಗೆ. ಬಾಗಿಲು ಹಾಕಲಿಲ್ಲ, ಚಪ್ಪಲಿ ಮೆಟ್ಟಲಿಲ್ಲ, ಓಡಿದಳು. ಊರು ಸುಮ್ಮನಿದೆಯೇ, ಕೇಳು, ಗಿರಣಿ ನಿಂತಿದೆ, ಒಳ್ಳೆಯದು, ವೆಲ್ಡಿಂಗ್ ಅಂಗಡಿಯವನು ಬೀಡಿ ಸೇದುತ್ತಾ ಕೂತಿದ್ದಾನೆ, ಸೇದಪ್ಪಾ, ಇನ್ನೂ ಒಂದು ಸೇದು, ಹೊಲಿಗೆ ಅಂಗಡಿಯಲ್ಲಿ ಅಖ್ತರ ಬೇಗಂ ಕಾಲಿನಿಂದ ಮಿಶಿನ್ ತುಳಿಯುತ್ತಾ, ಎಲ್ಲಿಗಿ ಓಡಾಕತ್ತೀಯವ್ವಾ, ಲೈನ್ ಯಾವಾಗ ಬರ್ತದಂತ ನಿನ್ನ ಗಂಡಗ ಕೇಳು ಅನ್ನುತ್ತಾಳೆ, ಬರುವುದು ಬೇಡ, ಈ ಜನ್ಮದಲ್ಲಿ ಬರುವುದು ಬೇಡ, ಮೂಲೆ ತಿರುಗಿದಳು, ಗರ್ ಎಂದು ಮಿಶಿನ್ನಿನ ಸದ್ದು, ಬಂತು, ಬಂದುಬಿಟ್ಟಿತು, ಮುಗಿಯಿತು — ಕಬ್ಬಿನ ಹಾಲಿನ ಗಾಡಿ, ಡೀಸೆಲ್ ಇಂಜಿನ್ನು, ಕಪ್ಪು ಹೊಗೆ ಬಿಡುತ್ತಿದೆ, ಆ ಹೊಗೆಗೆ ಕೈಮುಗಿಯಬೇಕೆನ್ನಿಸಿತು. ಬಸ್‌ಸ್ಟ್ಯಾಂಡಿನಲ್ಲಿ ಓಣಿಯ ಸರ್ದಾರನ ಆಟೋ, ಸಬ್‌ಸ್ಟೇಷನ್ನಿಗಿ ನಡಿ ಅಣ್ಣ, ಜಲ್ದಿ, ಏನಾತು ಭಾಬಿ, ಏನಿಲ್ಲ ನೀ ನಡಿ, ಸರ್ದಾರ ಮತ್ತೆ ಕೇಳಲಿಲ್ಲ, ಅವಳ ಬರಿಗಾಲು ನೋಡಿ ಹಾರ್ನ್ ಮೇಲೆ ಕೈಯಿಟ್ಟವನು ತೆಗೆಯಲಿಲ್ಲ, ದಾರಿಯುದ್ದಕ್ಕೂ ಕಂಬಗಳು, ಕಂಬದಿಂದ ಕಂಬಕ್ಕೆ ವೈರು, ವೈರಿನ ಮೇಲೆ ಸಾಲಾಗಿ ಕೂತ ಹಕ್ಕಿಗಳು, ಹಕ್ಕಿಗೆ ಏನೂ ಆಗುವುದಿಲ್ಲ ಎಂದು ಒಮ್ಮೆ ಅವನೇ ಹೇಳಿದ್ದ, ಹೇಳಿದ್ದನಲ್ಲ, ತನಗೂ ಏನೇನೋ ಹೇಳಿದ್ದ, ಮದುವೆಯಾದ ಹೊಸತರಲ್ಲಿ ಎಷ್ಟು ಹೇಳುತ್ತಿದ್ದ, ಇವಳೇ ಕೇಳುವುದನ್ನು ಯಾವಾಗ ಬಿಟ್ಟಳೋ.

ಜಲ್ಲಿಕಲ್ಲು ಹಾಸಿದ ಅಂಗಳ ಅಂಗಾಲಿಗೆ ಚುಚ್ಚುತ್ತದೆ, ಒಳಗೆ ಪೂನಮ್ ನಿಂತಿದ್ದಾಳೆ, ಎರಡು ಫೋನು, ಒಂದು ಕಿವಿಯಲ್ಲಿ, ಒಂದು ಮೇಜಿನ ಮೇಲೆ ಬಡಿದುಕೊಳ್ಳುತ್ತಿದೆ, ಇಲ್ರಿ ಸರ್, ಲೈನ್ ಮ್ಯಾಲ ಮನುಷ್ಯಾ ಅದಾನ, ಅವರ ದನಿ ಕೇಳೋತನಕ ನಾ ಬಿಡಂಗಿಲ್ರಿ, ಮಂದಿ ಬೈಲಿ, ಬೇಕಾದ್ರ ನೀವು ನೋಟಿಸ್ ಕೊಡ್ರಿ. ಬಿಟ್ಟಿಲ್ಲ. ದ್ರೌಪದಿ ಬಾಗಿಲನ್ನು ಹಿಡಿದುಕೊಂಡಳು, ಬಿಟ್ಟಿಲ್ಲ, ಲೈನ್ ಬಿಟ್ಟಿಲ್ಲೇನ್ರಿ ನೀವು, ಎಷ್ಟು ಸಣ್ಣ ದನಿ ಅದು, ತನ್ನದೇ ಅನ್ನಿಸಲಿಲ್ಲ. ಪೂನಮ್ ತಿರುಗಿ ನೋಡಿದಳು, ಬರಿಗಾಲು ನೋಡಿದಳು, ಮುಖ ನೋಡಿದಳು, ಅಕ್ಕ, ಫೋನ್ ಎತ್ತಿದ್ದು ನೀವೇನ್ರಿ. ಹ್ಞೂಂ. ನಾ ಬಿಡ್ರಿ ಅಂತ ಅಂದಿದ್ದೆ. ನೀವು ಅಂದ್ರ ಬಿಡ್ಲಿಕ್ಕ ಬರ್ತದೇನ್ರಿ ಅಕ್ಕ, ಲೈನ್ ತಗೊಂಡವರೇ ವಾಪಸ್ ಕೊಡಬೇಕು, ಅವರ ಬಾಯಿಲೇ ಕೇಳಬೇಕು, ನಿಮ್ಮ ಮಾತು ಕೇಳಿ ನನಗ ಕೈಕಾಲು ನಡುಗಿದ್ವು, ಫೋನ್ ಬ್ಯಾರೆಯವರ ಕೈಯಾಗ ಅದ ಅಂದ್ರ ಅವರಿಗೇನಾತೋ ಅಂತ, ನಮ್ಮ ಕರೆಂಟಿನ ಗ್ಯಾಂಗಿನವರಿಗಿ ಹುಡುಕ್ಲಿಕ್ಕ ಕಳಿಸೀನಿ, ಕುಂದ್ರಿ, ನೀರು ಕುಡೀರಿ. ಕೂತಳು. ಈ ಹುಡುಗಿಗೂ ಕೈಕಾಲು ನಡುಗಿದವು. ತನ್ನ ಗಂಡನಿಗಾಗಿ ಇವಳ ಕೈಕಾಲು ಯಾಕೆ ನಡುಗಬೇಕು, ಎಂದುಕೊಂಡ ತನ್ನ ಮನಸ್ಸಿಗೆ ತಾನೇ ಹೊಡೆಯಬೇಕೆನ್ನಿಸಿತು, ಛೀ, ಉಳಿಸಿದ್ದಾಳೆ, ಆದರೂ ಆ ಯೋಚನೆ ಹೋಗಲಿಲ್ಲ. ಮೇಜಿನ ಫೋನು ಬಡಿದುಕೊಂಡಿತು, ಯಾರದೋ ನಂಬರು, ಪೂನಮ್ ಎತ್ತಿದಳು, ಆ ಕಡೆ ಒಂದು ಕೆಮ್ಮು, ಬರೀ ಕೆಮ್ಮು, ಮಾತಿನ್ನೂ ಬಂದಿಲ್ಲ, ಇಬ್ಬರು ಹೆಂಗಸರೂ ಒಟ್ಟಿಗೇ ತಲೆ ಎತ್ತಿದರು, ಒಂದೇ ಕ್ಷಣ, ಒಬ್ಬಳು ಮೊದಲು ಒಬ್ಬಳು ಆಮೇಲೆ ಎಂದೂ ಅಲ್ಲ — ಹನ್ನೊಂದು ವರ್ಷ ಆ ಕೆಮ್ಮಿನ ಪಕ್ಕದಲ್ಲಿ ಮಲಗಿದವಳು ಒಬ್ಬಳು, ಒಂದು ವರ್ಷ ವೈರಿನಲ್ಲಿ ಕೇಳಿದವಳು ಒಬ್ಬಳು. ಮೇಡಂ, ನಾ ಅಂಬಾರಾಯ, ರೈತರ ಫೋನ್‌ಲೆ ಮಾಡೀನಿ, ಎರಡು ಕಡಿ ವೈರು ಹರದಿತ್ತು, ಅದಕ್ಕ ತಡ ಆಯ್ತು, ನನ್ನ ಫೋನ್ ಮನ್ಯಾಗ ಮರತೀನಿ, ನೀವೇನರ ಮಾಡಿದ್ರೇನ್ರಿ. ಪೂನಮ್ ದ್ರೌಪದಿಯನ್ನು ನೋಡಿದಳು. ಮಾಡಿದ್ನಿರಿ, ಯಾರೂ ಎತ್ತಲಿಲ್ಲ. ಕೆಳಗ ಇಳದೀರೇನ್ರಿ. ಇಳದೀನ್ರಿ, ಕೆಲಸ ಆಯ್ತು ಮೇಡಂ, ಲೈನ್ ಬಿಡ್ರಿ.

ಯಾರೂ ಎತ್ತಲಿಲ್ಲವಂತೆ. ಈಗ ತನ್ನ ಮಾನವೂ ಇವಳ ಕೈಯಲ್ಲಿ, ಗಂಡನ ಜೀವ ಸಾಲದೆಂದು, ಬೈದಿದ್ದರೆ ಬೈಸಿಕೊಂಡು ಹೋಗಬಹುದಿತ್ತು, ಕೈಮುಗಿಯಬೇಕು ಎಂದು ಎದ್ದಳು, ಕೈ ಎರಡೂ ಒಂದಾದವು, ಅಷ್ಟರಲ್ಲಿ ಪೂನಮ್ ಆ ಕಡೆ ತಿರುಗಿದ್ದಳು, ದೊಡ್ಡ ಕಬ್ಬಿಣದ ಕಪಾಟಿನ ಹಿಡಿಕೆಗೆ ಒಂದು ಕೆಂಪು ತಗಡು ತೂಗುತ್ತಿದೆ, ಮುಟ್ಟಬೇಡಿ, ಲೈನ್ ಮೇಲೆ ಕೆಲಸ ನಡೆದಿದೆ, ಅದರ ಕೆಳಗೆ ಸೀಮೆಸುಣ್ಣದಲ್ಲಿ, ಬಿಳಿ ಅಕ್ಷರ, ನೆಟ್ಟಗೆ, ಲೈನ್ ಹಾಕಿ ಕಡಿದ ಕಲ್ಲಿನ ಹಾಗೆ, ಅಂಬಾರಾಯ. ಗಂಡನ ಹೆಸರು ಹೇಳಬಾರದು ಎಂದಿದ್ದಳು ಅವ್ವ, ಹೇಳಿಲ್ಲ, ಹನ್ನೊಂದು ವರ್ಷ ಬಾಯಿಬಿಟ್ಟು ಒಂದು ಸಲವೂ ಹೇಳಿಲ್ಲ, ಬರೆದಿಲ್ಲ, ಎಲ್ಲಿ ಬರೆಯುತ್ತಾಳೆ, ಯಾವುದರ ಮೇಲೆ. ಈ ಹುಡುಗಿ ದಿನಕ್ಕೆ ನಾಲ್ಕು ಸಲ ಬರೆಯುತ್ತಾಳೆ, ಐದು ಸಲ, ಬರೆದು ತೂಗುಹಾಕಿ ಕಾಯುತ್ತಾಳೆ. ಪೂನಮ್ ತಗಡು ಇಳಿಸಿದಳು, ಬಟ್ಟೆ ಹುಡುಕಲಿಲ್ಲ, ಬರಿಗೈಯಿಂದ ಹೆಸರು ಒರೆಸಿದಳು, ಅಂ ಹೋಯಿತು, ಬಾ ಹೋಯಿತು, ರಾಯ ಹೋಯಿತು, ಅಂಗೈ ಬೆಳ್ಳಗಾಯಿತು, ಆ ಕೈಯನ್ನೇ ಹಿಡಿಕೆಯ ಮೇಲಿಟ್ಟಳು, ತಿರುಗಿಸಿದಳು, ಎಲ್ಲೋ ದೂರದಲ್ಲಿ ಗಿರಣಿ ಶುರುವಾಯಿತು, ಹೋಗ್ರಿ ಅಕ್ಕ, ಮನಿಗಿ ಬರ್ತಾರ ಈಗ ಅನ್ನುತ್ತಿದ್ದಾಳೆ, ದ್ರೌಪದಿಗೆ ಕೇಳಿಸುತ್ತಿಲ್ಲ, ಆ ಹುಡುಗಿ ಕೈ ಝಾಡಿಸಿಕೊಳ್ಳುತ್ತಾಳೆ ಈಗ ಎಂದು ಕಾಯುತ್ತಿದ್ದಾಳೆ, ಹುಡುಗಿ ಝಾಡಿಸಿಕೊಳ್ಳಲಿಲ್ಲ, ಬಟ್ಟೆಗೆ ಒರೆಸಿಕೊಳ್ಳಲಿಲ್ಲ, ಅಂಗೈ, ಅವಳ ಅಂಗೈ, ಬೆಳ್ಳಗೆ, ಆ ಹೆಸರಿನ ಪುಡಿ ಇನ್ನೂ ಆ ಅಂಗೈಯಲ್ಲೇ.