ಸಿಪ್ಪೆಯಿದ್ದರೆ ಮೈಲಿಗೆಯಿಲ್ಲ

"ಮೊಟ್ಟೆ ಸುಲಿಬ್ಯಾಡ ಅಂತ ಎಷ್ಟ್ ಸಲ ಏಳ್ಬೇಕಮ್ಮಿ ನಿಂಗೆ? ಮಕ್ಳೇ ಸುಲ್ಕತವೆ. ನಿನ್ ಕೈ ತಾಕ್ಸಬ್ಯಾಡ."

ಬೆಟ್ಟಮ್ಮ ಸಾರಿನ ಪಾತ್ರೆಯ ಮುಂದೆ ನಿಂತೇ ಗದರಿದಳು. ಒಂದನೇ ಕ್ಲಾಸಿನ ಪುಟಾಣಿಗಳಿಗೆ ಸುಲಿಯಲು ಬಾರದೆಂದು ಕೈಗೆತ್ತಿಕೊಂಡಿದ್ದ ಮೊಟ್ಟೆಯನ್ನು ಬಿಂದುಶ್ರೀ ಬುಟ್ಟಿಗೆ ಹಾಕಿದಳು.

ಶಾಲೆಗೆ ಮುಖ್ಯ ಅಡುಗೆಯವಳೆಂದು ನೇಮಕವಾದವಳು ಬಿಂದುಶ್ರೀಯೇ. ಅವಳು ಅಡುಗೆ ಮಾಡಿದ ಮೊದಲ ದಿನ ಊರಿನವರ ಮಕ್ಕಳು ತಟ್ಟೆ ಬಿಟ್ಟು ಎದ್ದುಹೋಗಿದ್ದರು. ಆಮೇಲೆ ಹಿರಿಯರು ಕೂತು ತೀರ್ಮಾನಿಸಿದರು: ಅನ್ನ ಸಾರು ಸಹಾಯಕಿ ಬೆಟ್ಟಮ್ಮನದು, ಪಾತ್ರೆ ತೊಳೆಯುವುದು, ಮೊಟ್ಟೆ ಬೇಯಿಸುವುದು ಇವಳದು. ಮೊಟ್ಟೆಗೆ ಸಿಪ್ಪೆಯಿದೆ; ಕೇರಿಯವಳ ಕೈ ಒಳಗಿಳಿಯುವುದಿಲ್ಲ.

ಇವತ್ತು ಭೇದಭಾವದ ಬಗ್ಗೆ ಸಭೆ ನಡೆಸಲು ಹಾಸನದ ಸಂಸ್ಥೆಯೊಂದರಿಂದ ಮೇಡಂ ಬಂದಿದ್ದರು. ಶಾಲಾ ಸಮಿತಿಯ ಅಧ್ಯಕ್ಷ ಚನ್ನಪ್ಪ ಬೆಳಿಗ್ಗೆಯೇ ನಲ್ಲಿಯ ಹತ್ತಿರ ನಿಂತು ಹೇಳಿದ್ದ: "ಏನಾರ ಕೇಳಿದ್ರೆ ನೋಡ್ಕಂಡ್ ಮಾತಾಡು. ನಿಮ್ ಕೇರಿಗೋಗೋ ದಾರಿ ನಮ್ ತೆಂಗಿನ್ ತ್ವಾಟದಾಗೈತೆ ಕಣಮ್ಮಿ."

ಜಗುಲಿಯಲ್ಲಿ ಮಕ್ಕಳು ಊಟಕ್ಕೆ ಸಾಲಾಗಿ ಕೂತಿದ್ದರು. ಎದುರಿಗೆ ಕುರ್ಚಿ ಹಾಕಿ ಸಭೆ ನಡೆಯುತ್ತಿತ್ತು; ಬಿಂದುಶ್ರೀಯನ್ನೂ ಕರೆದು ಕೂರಿಸಿದ್ದರು.

"ನಮಗೇ ಗೊತ್ತಿಲ್ಲದ ಹಾಗೆ ನಮ್ಮೊಳಗೆ ಭೇದಭಾವ ಕೂತಿರುತ್ತೆ," ಎಂದರು ಮೇಡಂ. "ಸಂಕೋಚ ಬೇಡ, ಮನಸ್ಸು ಬಿಚ್ಚಿ ಮಾತಾಡಿ."

"ನಮ್ಮೂರಾಗೆ ಅಂತಾದ್ದೇನಿಲ್ಲ ಬುಡಿ ಮೇಡಮ್ಮೋರೆ," ಚನ್ನಪ್ಪ ನಕ್ಕ. "ಇವಳು ಬೇಯ್ಸಿದ್ ಮೊಟ್ಟೇನ ನನ್ ಮೊಮ್ಮಗಳೇ ತಿಂತದೆ."

ಟೀಚರ್ ಕವನಾ ಎದ್ದು ನಿಂತಳು. "ನಾನಂತೂ ಬಿಂದು ಯಾವ ಜಾತಿ ಅಂತ ಒಂದಿನಾನೂ ನೋಡಿಲ್ಲ ಮೇಡಂ. ಎಷ್ಟು ಕ್ಲೀನು ಗೊತ್ತಾ? ಅವ್ರ ಪೈಕಿ ಅಂತ ಅನ್ಸೋದೇ ಇಲ್ಲ."

"ನೋಡಿ, ಇಂಥ ಮಾತು ಬೇಕು," ಮೇಡಂ ತಲೆದೂಗಿದರು.

ಚನ್ನಪ್ಪನ ಮಾತು ಬಿಂದುಶ್ರೀಗೆ ಹಳೆಯದು. ಕವನಾಳದ್ದು ಚುಚ್ಚಿತು. ಪ್ರೀತಿಯಿಂದಲೇ ಹೇಳಿದವಳ ಮೇಲೆ ಸಿಟ್ಟಾದರೂ ಮಾಡುವುದು ಹೇಗೆ?

"ನೀವು ಹೇಳಿ ಬಿಂದುಶ್ರೀ. ಇಲ್ಲಿ ನಿಮಗೇನಾದ್ರೂ ತೊಂದರೆ ಇದೆಯಾ?"

ಇದೆ ಅಂದರೆ ಸಂಜೆಯೊಳಗೆ ದಾರಿಗೆ ಬೇಲಿ ಬೀಳುತ್ತದೆ; ಇಡೀ ಕೇರಿ ಅವಳಿಗೇ ಶಾಪ ಹಾಕುತ್ತದೆ. ಇಲ್ಲ ಅಂದರೆ ಅವಳ ನಾಲಗೆಯೇ ಊರನ್ನು ತೊಳೆದು ಮಡಿ ಮಾಡಿಕೊಟ್ಟಂತೆ.

ಅವಳು ಎದ್ದು ಅಡುಗೆಕೋಣೆಗೆ ಹೋದಳು. ಬೆಟ್ಟಮ್ಮನ ಕೈಯಿಂದ ಸೌಟು ಕಿತ್ತುಕೊಂಡು ಸಾರಿನಲ್ಲಿ ಅದ್ದಿ, ತಳದಿಂದ ಮೇಲಕ್ಕೆ ತಿರುವಿದಳು. ಬಕೆಟ್ಟಿಗೆ ಸುರಿದುಕೊಂಡು ಜಗುಲಿಗೆ ಬಂದಳು.

"ಮಕ್ಳ ಅನ್ನುಕ್ ಮಣ್ಣಾಕ್ಬುಟ್ಯಲ್ಲೇ ಮುಂಡೆ," ಚನ್ನಪ್ಪ ಕುರ್ಚಿ ಒದ್ದು ಎದ್ದ.

"ಬಿಂದುಶ್ರೀ, ಪ್ಲೀಸ್. ಕೂತು ಮಾತಾಡೋಣ," ಎಂದರು ಮೇಡಂ.

"ಇಷ್ಟೊತ್ತು ಮಾತಾಡ್ತಾನೇ ಇದ್ರಲ್ಲ ಮೇಡಂ. ಮಕ್ಳು ಅಸ್ಕಂಡವೆ."

ಸಾಲಿನ ಮೊದಲಿಗೇ ಚನ್ನಪ್ಪನ ಮೊಮ್ಮಗಳು ಅನುಶ್ರೀ. ಮಗು ತಟ್ಟೆಯನ್ನು ಅರ್ಧ ಎತ್ತಿ, ತಾತನ ಮುಖ ನೋಡುತ್ತ ಹಾಗೇ ಹಿಡಿದುಕೊಂಡಿತು. ಚನ್ನಪ್ಪನ ಕೂಗಿಗೆ ಗೇಟಿನಾಚೆ ನೆರೆದ ತಾಯಂದಿರು ಆಗಲೇ ತಮ್ಮ ತಮ್ಮ ಮಕ್ಕಳ ಹೆಸರು ಕೂಗತೊಡಗಿದ್ದರು. ತುಂಬಿದ ಸೌಟಿನ ಅಂಚಿನಿಂದ ಕುದಿ ಸಾರು ಬಿಂದುಶ್ರೀಯ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು. ಅವಳು ಕಾಲು ಹಿಂದೆಗೆಯಲಿಲ್ಲ.